ಶಾಂತಾ ಹುಬ್ಳೀಕರ್: ಹಿಂದೀ ಚಿತ್ರರಂಗದ ಒಬ್ಬ ಕನ್ನಡತಿ

ಕಲೆಗಳಲ್ಲೆಲ್ಲ ಅತ್ಯಂತ ಕಿರಿಯದಾದರೂ ಜನಮನವನ್ನು ಸೂರೆಗೊಂಡಿರುವುದರಲ್ಲಿ ಚಲನಚಿತ್ರಕ್ಕೆ ಮಿಗಿಲಾದುದಿಲ್ಲ. ಕವಿಯ ಕಾವ್ಯವನ್ನು ಓದಲು ಅಕ್ಷರ ಬೇಕು, ಸಂಗೀತವನ್ನು ಸವಿಯಲು ಸಂಸ್ಕಾರ ಬೇಕು. ಚಿತ್ರವನ್ನು ನೋಡಲು ಕಣ್ಣಿದ್ದರೆ ಸಾಕು. ಆದರೆ ಈ ಕಲೆ ಎಷ್ಟು ಬೇಗ ಕೀರ್ತಿಯನ್ನು ತಂದುಕೊಡುವುದೋ ಅಷ್ಟೇ ಬೇಗ ಮರೆವನ್ನೂ ತಂದುಕೊಡುತ್ತದೆ. ಇದಕ್ಕೆ ಒಂದು ನಿದರ್ಶನವಾಗಿ, ಒಂದು ಕಾಲದಲ್ಲಿ ಹಿಂದೀ ಮತ್ತು ಮರಾಠೀ ಚಿತ್ರಗಳ ಪ್ರಖ್ಯಾತ ನಾಯಕಿಯಾಗಿದ್ದ ಶಾಂತಾ ಹುಬ್ಳೀಕರ್ ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ. ಹುಬ್ಬಳ್ಳಿಯ ಕಡೆಯ ಈ ನಟಿಗೂ ನಮ್ಮ ಅರಕಲಗೂಡಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಣ್ಣದಾದರೂ ಸಂಬಂಧವೊಂದು ಉಂಟು. ಅದನ್ನು ಮುಂದೆ ಹೇಳುವೆನು.

ಶಾಂತಾ ಅವರು ೧೯೧೪ರಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಜನಿಸಿದರು. ೧೯೫೩ರಲ್ಲಿ ಕರ್ನಾಟಕದ ಏಕೀಕರಣಕ್ಕಾಗಿ ಶಂಕರಗೌಡ ಪಾಟೀಲರು ಉಪವಾಸ ಕೈಗೊಂಡು ಪ್ರಸಿದ್ಧಗೊಳಿಸಿದ ಊರೇ ಇದು. ಹುಟ್ಟಿದಾಗ ಅವರಿಗೆ ಇಟ್ಟ ಹೆಸರು ರಾಜಮ್ಮ. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದರು. ಹುಬ್ಬಳ್ಳಿ-ಧಾರವಾಡದ ಆ ಸೀಮೆ ಹಿಂದೂಸ್ತಾನೀ ಸಂಗೀತದ ತವರು. ಅಬ್ದುಲ್ ಕರೀಮ್ ಖಾನರ ಶಿಷ್ಯರಾದ ಸವಾಯಿ ಗಂಧರ್ವರು ಅಲ್ಲಿಗೆ ಹತ್ತಿರದ ಕುಂದಗೋಳದವರು. ಗಂಗೂಬಾಯಿ ಹಾನಗಲ್ ಅವರು ಶಾಂತಾ ಅವರಿಗಿಂತ ಒಂದೇ ವರ್ಷ ಹಿರಿಯರು. ಅಂಥ ಹವೆಯಲ್ಲಿ ಬೆಳೆದ ಹುಡುಗಿಗೆ ಹಾಡು ಒಲಿದುದು ಸಹಜ. ಹಾಡಿನಿಂದ ರಂಗಭೂಮಿಗೂ ರಂಗಭೂಮಿಯಿಂದ ಚಿತ್ರಕ್ಕೂ ಅವರು ನಡೆದರು. ಕಲಾವಿದರು ಊರಿನ ಹೆಸರನ್ನೇ ತಮ್ಮ ಹೆಸರಾಗಿ ಧರಿಸುವುದು ಆ ಕಡೆಯ ರೂಢಿ; ಹಾಗೆ ರಾಜಮ್ಮ ಶಾಂತಾ ಹುಬ್ಳೀಕರ್ ಆದರು.

ಕನ್ನಡದ ಹುಡುಗಿ ಮರಾಠೀ ನಾಡಿಗೆ ಏಕೆ ಹೋದಳು? ಇದಕ್ಕೆ ಉತ್ತರ ಆಗಿನ ಪರಿಸ್ಥಿತಿಯಲ್ಲಿದೆ. ಹುಬ್ಬಳ್ಳಿ-ಧಾರವಾಡಗಳು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಕನ್ನಡ ನಾಡಿನಲ್ಲಿ ಮಾತಿನ ಚಿತ್ರ ತಯಾರಿಸುವ ಅನುಕೂಲಗಳು ಇನ್ನೂ ಬೆಳೆದಿರಲಿಲ್ಲ. ನಮ್ಮ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ' ಕೂಡ ೧೯೩೪ರಲ್ಲಿ ತಯಾರಾದುದು ಕೊಲ್ಲಾಪುರದ ಸ್ಟುಡಿಯೋದಲ್ಲಿ. ಧಾರವಾಡದಲ್ಲಿ ಜನಿಸಿದ ಲೀಲಾ ಚಿಟ್ನಿಸ್, ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಇವರೂ ಉತ್ತರದ ಚಿತ್ರರಂಗದಲ್ಲಿಯೇ ಹೆಸರು ಗಳಿಸಿದರು. ಶಾಂತಾ ಅವರೂ ಮೊದಲು ಕೊಲ್ಲಾಪುರದ ಚಿತ್ರಗಳಲ್ಲಿ ಅಭಿನಯಿಸಿ, ಅನಂತರ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯನ್ನು ಸೇರಿದರು.

ಪ್ರಭಾತ್ ಕಂಪನಿ ೧೯೨೯ರಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿ, ೧೯೩೩ರಲ್ಲಿ ಪುಣೆಗೆ ಬಂದಿತ್ತು. ಅದರ ಪಾಲುದಾರರಲ್ಲಿ ಒಬ್ಬರಾದ ವಿ. ಶಾಂತಾರಾಮರು ದೊಡ್ಡ ನಿರ್ದೇಶಕರು. ಅವರಿಗೂ ಹುಬ್ಬಳ್ಳಿಯ ಋಣವಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಹುಡುಗನಾಗಿದ್ದಾಗ ಅವರು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದರು. ಅಲ್ಲಿನ ಚಿತ್ರಮಂದಿರವೊಂದರಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತ ಮೂಕಚಿತ್ರಗಳನ್ನು ಕಣ್ತುಂಬ ನೋಡಿದರು. ಪ್ರಭಾತ್ ಕಂಪನಿಯಲ್ಲಿ ಶಾಂತಾ ಹುಬ್ಳೀಕರ್ ಅಭಿನಯಿಸಿದ 'ಮಾಝಾ ಮುಲ್ಗಾ' ೧೯೩೮ರಲ್ಲಿ ತೆರೆ ಕಂಡಿತು. ಹಿಂದಿಯಲ್ಲಿ ಅದು 'ಮೇರಾ ಲಡಕಾ'. ಅವರ ಕೀರ್ತಿಗೆ ಮುಖ್ಯ ಕಾರಣವಾದುದು ಮರುವರ್ಷ ಶಾಂತಾರಾಮರು ನಿರ್ದೇಶಿಸಿದ 'ಮಾಣೂಸ್'. ಇದರ ಹಿಂದೀ ರೂಪವೇ 'ಆದ್ಮಿ'.

ಒಂದೇ ಕಥೆಗೆ ಎರಡು ಚಿತ್ರಗಳೆಂದರೆ ಈಗಿನವರಿಗೆ ವಿಚಿತ್ರವೆನಿಸಬಹುದು. ಇಂದು ಒಂದು ಭಾಷೆಯಲ್ಲಿ ತೆಗೆದ ಚಿತ್ರಕ್ಕೆ ಬೇರೆಯವರ ಧ್ವನಿಯನ್ನು ಕೂಡಿಸಿ ಇನ್ನೊಂದು ಭಾಷೆಗೆ ತರುತ್ತಾರೆ. ಪ್ರಭಾತ್ ಕಂಪನಿಯಲ್ಲಿ ಹಾಗಿರಲಿಲ್ಲ. ಅದೇ ರಂಗಸಜ್ಜಿಕೆ, ಅದೇ ದೀಪ, ಅದೇ ಉಡುಪುಗಳಲ್ಲಿ ದೃಶ್ಯವನ್ನು ಒಮ್ಮೆ ಮರಾಠಿಯಲ್ಲಿಯೂ ಮತ್ತೊಮ್ಮೆ ಹಿಂದಿಯಲ್ಲಿಯೂ ಚಿತ್ರೀಕರಿಸುತ್ತಿದ್ದರು. ನಟನಟಿಯರು ಒಂದೇ ಅಳುವನ್ನು ಎರಡು ಸಲ ಅಳಬೇಕು, ಒಂದೇ ನಗುವನ್ನು ಎರಡು ಸಲ ನಗಬೇಕು. ಮರಾಠೀ ಮಾತೃಭಾಷೆಯವರಿಗೆ ಹಿಂದಿಯೊಂದೇ ಪರಭಾಷೆ. ಈ ಕನ್ನಡತಿಗೆ ಎರಡೂ ಪರಭಾಷೆಗಳೇ. ಎರಡರಲ್ಲಿಯೂ ಅವರು ತಾವೇ ಮಾತನಾಡಿ, ತಾವೇ ಹಾಡಿ, ಎರಡೂ ಕಡೆಯ ಪ್ರೇಕ್ಷಕರಿಂದ ಸೈ ಎನಿಸಿಕೊಂಡರೆಂಬುದು ಅವರ ಪರಿಶ್ರಮಕ್ಕೆ ಸಾಕ್ಷಿ.

ಈಗ 'ಆದ್ಮಿ' ಚಿತ್ರದ ಕಥೆಯನ್ನು ನೋಡೋಣ. ಪ್ರಾಮಾಣಿಕನಾದ ಒಬ್ಬ ಪೋಲೀಸ್ ಪೇದೆ ರಾತ್ರಿಯ ದಾಳಿಯೊಂದರ ಸಮಯದಲ್ಲಿ ಕೇಸರ್ ಎಂಬ ವೇಶ್ಯೆಯನ್ನು ರಕ್ಷಿಸುತ್ತಾನೆ. ಕರುಣೆ ಕ್ರಮೇಣ ಪ್ರೇಮವಾಗುತ್ತದೆ. ಅವಳನ್ನು ಆ ನರಕದಿಂದ ಬಿಡಿಸಿ ಮನೆಯ ಸೊಸೆಯನ್ನಾಗಿ ಮಾಡಿಕೊಳ್ಳಬೇಕೆಂದು ಆತನ ಆಸೆ. ಆದರೆ ಆತನ ತಾಯಿಯ ದೈವಭಕ್ತಿಯನ್ನೂ ಆ ಮನೆಯ ನೈರ್ಮಲ್ಯವನ್ನೂ ಕಂಡಾಗ, ತಾನು ಇದಕ್ಕೆ ಯೋಗ್ಯಳಲ್ಲವೆಂಬ ಅಳುಕು ಕೇಸರಳನ್ನು ಹಿಂದಕ್ಕೆ ಓಡಿಸುತ್ತದೆ. ಕೊನೆಗೆ ತನ್ನನ್ನು ಪೀಡಿಸುತ್ತಿದ್ದ ದುಷ್ಟ ಬಂಧುವನ್ನು ಕೊಂದು ಅವಳು ಸೆರೆಯಾಗುತ್ತಾಳೆ. ಪೇದೆ ಪ್ರೇಮಭಂಗದಿಂದ ಕುಸಿದರೂ ಸಾವನ್ನು ಅಪ್ಪುವುದಿಲ್ಲ; ಕರ್ತವ್ಯಕ್ಕೆ ಮರಳುತ್ತಾನೆ. ಪಿ. ಸಿ. ಬರುವಾ ಅವರ ೧೯೩೫ರ 'ದೇವದಾಸ್' ಪ್ರೇಮಕ್ಕಾಗಿ ಕುಡಿದು ಸಾಯುವ ತರುಣನನ್ನು ಚಿತ್ರಿಸಿ ದೇಶದ ಯುವಕರನ್ನು ಮರುಳುಗೊಳಿಸಿತ್ತು. ಅದಕ್ಕೆ ಪ್ರತ್ಯುತ್ತರವೆಂಬಂತೆ, ಬದುಕು ಇರುವುದು ಬಾಳುವುದಕ್ಕಾಗಿ ಎಂಬ ಮಾತನ್ನು ಶಾಂತಾರಾಮರು ಈ ಚಿತ್ರದ ಮೂಲಕ ಸಾರಿದರು.

ಪೇದೆಯ ಪಾತ್ರ ವಹಿಸಿದವರು ಶಾಹು ಮೋಡಕ್. ಕೇಸರಳಾಗಿ ಶಾಂತಾ ಹುಬ್ಳೀಕರ್ ತೋರಿಸಿದ ಅಭಿನಯ ಆ ಕಾಲಕ್ಕೆ ಹೊಸದು. ಪತಿತೆಯನ್ನು ಚಿತ್ರಿಸುವಾಗ ಪ್ರೇಕ್ಷಕರಲ್ಲಿ ಅಸಹ್ಯ ಹುಟ್ಟಿಸುವುದು ಸುಲಭ, ಕಣ್ಣೀರು ಹರಿಸುವುದು ಇನ್ನೂ ಸುಲಭ. ಅವರು ಈ ಎರಡೂ ದಾರಿಗಳನ್ನು ಹಿಡಿಯಲಿಲ್ಲ. ಅವರ ಕೇಸರ್ ಚತುರೆ, ಹಾಸ್ಯಪ್ರಿಯೆ, ಗ್ರಾಹಕರನ್ನು ಆಡಿಸಬಲ್ಲವಳು. ಒಳಗಿನ ನೋವು ಮಾತಿನ ನಡುವೆ ಎಲ್ಲೋ ಒಮ್ಮೆ ಮಿಂಚಿ ಮರೆಯಾಗುತ್ತದೆ. ಮಾಸ್ಟರ್ ಕೃಷ್ಣರಾವ್ ಅವರ ಸಂಗೀತದಲ್ಲಿ ಅವರು ಹಾಡಿದ, 'ನಾಳೆಯ ಮಾತೇಕೆ' ಎಂಬ ಅರ್ಥದ ಹಾಡು ಮನೆಮನೆಯ ಮಾತಾಯಿತು. ಬೇರೆಬೇರೆ ಪ್ರಾಂತ್ಯಗಳ ಗಿರಾಕಿಗಳನ್ನು ರಂಜಿಸಲು ಹಲವು ಭಾಷೆಗಳಲ್ಲಿ ಹೊರಳುವ ಹಾಡು ಅದು. ನಾಳೆಯೆಂಬುದೇ ಇಲ್ಲದ ಹೆಣ್ಣೊಬ್ಬಳು ನಾಳೆಯ ಚಿಂತೆ ಬೇಡವೆಂದು ನಗುತ್ತ ಹಾಡುವಾಗ ಕೇಳುವವರ ಎದೆ ಚುರುಕ್ಕೆನ್ನದಿರದು.

ಇನ್ನು ಅರಕಲಗೂಡಿನ ಮಾತಿಗೆ ಬರೋಣ. ೧೯೪೨ರಲ್ಲಿ ಗುಬ್ಬಿ ವೀರಣ್ಣನವರು 'ಜೀವನ ನಾಟಕ' ಎಂಬ ಕನ್ನಡ ಸಾಮಾಜಿಕ ಚಿತ್ರವನ್ನು ತಯಾರಿಸಿದರು. ನಿರ್ದೇಶಕರು ವಹಾಬ್ ಕಾಶ್ಮೀರಿ. ಕೆಂಪರಾಜ ಅರಸು, ಬಿ. ಜಯಮ್ಮ ಇವರೊಡನೆ ಅದರಲ್ಲಿ ಪಾತ್ರ ವಹಿಸಲು ಶಾಂತಾ ಹುಬ್ಳೀಕರ್ ಅವರನ್ನು ಕರೆಸಲಾಯಿತು. ಚಿತ್ರಕ್ಕೆ ಸಾಹಿತ್ಯ ಒದಗಿಸಿದವರು ಅ.ನ.ಕೃ., ಎಂದರೆ ಅರಕಲಗೂಡು ನರಸಿಂಗರಾವ್ ಕೃಷ್ಣರಾಯರು. ಅವರು ಹುಟ್ಟಿದುದು ಕೋಲಾರದಲ್ಲಾದರೂ ಹೆಸರಿನ ಮೊದಲಕ್ಷರದಲ್ಲಿ ನಮ್ಮೂರನ್ನು ಹೊತ್ತು ಕನ್ನಡನಾಡನ್ನೆಲ್ಲ ಸುತ್ತಿದವರು. ಪರಭಾಷೆಗಳಲ್ಲಿ ಹೆಸರು ಮಾಡಿದ ಹುಬ್ಬಳ್ಳಿಯ ನಟಿ ಬೆಳ್ಳಿತೆರೆಯ ಮೇಲೆ ತನ್ನ ತಾಯ್ನುಡಿಯನ್ನಾಡಿದಾಗ ಅದಕ್ಕೆ ಒದಗಿದುದು ಅರಕಲಗೂಡಿನ ಹೆಸರು ಹೊತ್ತ ಲೇಖನಿ! ಮುಂದೆ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳಲ್ಲಿ ವೇಶ್ಯಾಸಮಸ್ಯೆಯನ್ನು ಎತ್ತಿಕೊಂಡು ಅ.ನ.ಕೃ. ತೀವ್ರ ಟೀಕೆಗೆ ಗುರಿಯಾದರು. ಸಮಾಜ ಕಣ್ಣೆತ್ತಿ ನೋಡಲು ನಾಚುವ ಹೆಣ್ಣನ್ನು ಮನುಷ್ಯಳೆಂದು ನೋಡಬೇಕೆಂಬುದೇ ಆ ನಟಿಯ ಅಭಿನಯದಲ್ಲಿಯೂ ಈ ಲೇಖಕರ ಬರಹದಲ್ಲಿಯೂ ಇದ್ದ ಸಮಾನ ತುಡಿತ.

ಮದುವೆಯಾದ ಮೇಲೆ ಶಾಂತಾ ಅವರು ಕ್ರಮೇಣ ಚಿತ್ರರಂಗದಿಂದ ದೂರವಾದರು. ಹಿನ್ನೆಲೆ ಗಾಯನ ಬಂದು, ಹಾಡಬಲ್ಲ ನಟಿಯರಿಗಿದ್ದ ವಿಶೇಷ ಬೇಡಿಕೆಯೂ ತಗ್ಗಿತು. ೧೯೫೩ರಲ್ಲಿ ಪ್ರಭಾತ್ ಕಂಪನಿಯೇ ಮುಚ್ಚಿಹೋಯಿತು. ಜನ ಹಾಡನ್ನು ನೆನಪಿಟ್ಟುಕೊಂಡರು, ಹಾಡಿದವರನ್ನು ಮರೆತರು. ವೃದ್ಧಾಪ್ಯದಲ್ಲಿ ಅವರು ಕಷ್ಟಗಳನ್ನು ಕಂಡು, ವೃದ್ಧಾಶ್ರಮದ ಆಸರೆ ಪಡೆಯಬೇಕಾಯಿತು. ೧೯೯೦ರಲ್ಲಿ ಹೊರಬಂದ ತಮ್ಮ ಮರಾಠೀ ಆತ್ಮಕಥೆಗೆ ಅವರು ಆ ಪ್ರಸಿದ್ಧ ಹಾಡಿನ ಹೆಸರನ್ನೇ ಇಟ್ಟರು: 'ಕಶಾಲಾ ಉದ್ಯಾಚೀ ಬಾತ್'. ೧೯೯೨ರಲ್ಲಿ ತೀರಿಕೊಂಡರು.

ಈ ಜೀವನದಿಂದ ನಾವು ತಿಳಿಯಬೇಕಾದುದೇನು? ಆಗಿನ ಸ್ಟುಡಿಯೋಗಳಲ್ಲಿ ನಟನಟಿಯರು ತಿಂಗಳ ಸಂಬಳಕ್ಕೆ ದುಡಿಯುವವರು. ಚಿತ್ರ ಎಷ್ಟು ವರ್ಷ ಓಡಿದರೂ, ಹಾಡು ಎಷ್ಟು ಬಾರಿ ಮೊಳಗಿದರೂ ಮುಪ್ಪಿನಲ್ಲಿ ಅವರ ಕೈಗೆ ಬರುವುದು ಏನೂ ಇರಲಿಲ್ಲ. ನಮ್ಮ ಹಳ್ಳಿಗಳ ರಂಗಭೂಮಿಯ ಕಲಾವಿದರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಪಾತ್ರಕ್ಕೆ ಹಾರ ಹಾಕುವ ಕೈಗಳು ಪಾತ್ರಧಾರಿಯ ಮನೆಯ ಕದವನ್ನು ತಟ್ಟುವುದು ಅಪರೂಪ. ಕಲಾವಿದನು ನಾಳೆಯ ಮಾತೇಕೆಂದು ಹಾಡಬಹುದು, ಅದು ಅವನ ಔದಾರ್ಯ. ಆ ಹಾಡಿಗೆ ತಲೆದೂಗಿದ ಸಮಾಜವೂ ಹಾಗೆಯೇ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. 'ಆದ್ಮಿ' ಚಿತ್ರ ಇಂದಿಗೂ ನೋಡಲು ದೊರೆಯುತ್ತದೆ. ಪ್ರಭಾತ್ ಸ್ಟುಡಿಯೋ ಇದ್ದ ನೆಲದಲ್ಲಿ ೧೯೬೦ರಿಂದ ಚಲನಚಿತ್ರ ವಿದ್ಯೆಯನ್ನು ಕಲಿಸುವ ಸರ್ಕಾರದ ಸಂಸ್ಥೆಯಿದೆ. ಚಿತ್ರಕಲೆಯಲ್ಲಿ ಆಸಕ್ತಿಯುಳ್ಳ ನಮ್ಮ ವಿದ್ಯಾರ್ಥಿ ಮಿತ್ರರು ಆ ಚಿತ್ರವನ್ನು ಒಮ್ಮೆ ನೋಡಲಿ. ಪರಭಾಷೆಯಲ್ಲಿ ನಗುತ್ತ ಹಾಡುವ ಆ ಹೆಣ್ಣು ನಮ್ಮವಳೆಂದು ಗುರುತಿಸಲಿ.