ಆರು ಗೆರೆಗಳ ಲಿಪಿ

ಸಂಗೀತವನ್ನು ಬರವಣಿಗೆಯಲ್ಲಿ ಹಿಡಿದಿಡಲು ಮನುಷ್ಯನು ಕಂಡುಕೊಂಡ ಮಾರ್ಗಗಳು ಸ್ಥೂಲವಾಗಿ ಎರಡು ಬಗೆ. ಕೇಳಿಬರಬೇಕಾದ ಸ್ವರವನ್ನು ಸೂಚಿಸಿ, ಅದನ್ನು ವಾದ್ಯದ ಮೇಲೆ ಅರಸಿಕೊಳ್ಳುವ ಹೊಣೆಯನ್ನು ವಾದಕನಿಗೇ ಬಿಡುವುದು ಒಂದು. ನಮ್ಮ ಸರಿಗಮದ ಬರವಣಿಗೆಯೂ ಪಾಶ್ಚಾತ್ಯರ ಐದು ಗೆರೆಗಳ ಸ್ವರಲಿಪಿಯೂ ಈ ಜಾತಿಯವು. ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂಬುದನ್ನು ತಿಳಿಸಿ, ಸ್ವರದ ಹೆಸರನ್ನು ಹೇಳದೆಯೇ ಬಿಡುವುದು ಇನ್ನೊಂದು. ಗಿಟಾರ್ ಕಲಿಯತೊಡಗಿದವರು ಬಹುಮಟ್ಟಿಗೆ ಮೊದಲು ಎದುರುಗೊಳ್ಳುವ ‘ಟ್ಯಾಬ್’ ಈ ಎರಡನೆಯ ವರ್ಗಕ್ಕೆ ಸೇರಿದುದು.

ಈ ಪದ್ಧತಿ ಈಚಿನದೆಂದು ಭಾವಿಸಲಾಗದು. ವೆನಿಸ್ಸಿನ ಮುದ್ರಕ ಪೆಟ್ರುಚ್ಚಿಯು 1507ರಲ್ಲಿಯೇ ಲ್ಯೂಟ್ ವಾದ್ಯದ ರಚನೆಗಳನ್ನು ಇಂಥ ಲಿಪಿಯಲ್ಲಿ ಅಚ್ಚುಹಾಕಿದ್ದನು. ಇಟಲಿಯವರು ಅತ್ಯಂತ ದಪ್ಪನೆಯ ತಂತಿಗೆ ಮೇಲಿನ ಗೆರೆಯನ್ನು ಮೀಸಲಿಟ್ಟರೆ, 1536ರಲ್ಲಿ ಸ್ಪೇನಿನ ಲೂಯಿಸ್ ಮಿಲಾನನು, ಗಿಟಾರಿನ ಬಂಧುವಾದ ವಿಹುವೇಲ ವಾದ್ಯವನ್ನು ಕಲಿಯುವವರಿಗೆಂದು ರಚಿಸಿದ ‘ಎಲ್ ಮಾಯೆಸ್ತ್ರೊ’ ಗ್ರಂಥದಲ್ಲಿ, ಆ ಸ್ಥಾನವನ್ನು ತೀರ ತೆಳುವಾದ ತಂತಿಗೆ ಕೊಟ್ಟನು. ಇಂದಿನ ಗಿಟಾರ್ ಟ್ಯಾಬಿನ ಕ್ರಮವೂ ಇದೇ.

ಆರು ಗೆರೆಗಳೆಂದರೆ ಆರು ತಂತಿಗಳು. ಕೆಳಗಿನ ಗೆರೆ ದಪ್ಪನೆಯ ಇ ತಂತಿ. ಅಲ್ಲಿಂದ ಮೇಲಕ್ಕೆ ಎ, ಡಿ, ಜಿ, ಬಿ ತಂತಿಗಳನ್ನು ದಾಟಿ ತುದಿಯಲ್ಲಿ ತೆಳುವಾದ ಇ. ವಾದ್ಯವನ್ನು ಹಿಡಿದಾಗ ದಪ್ಪ ತಂತಿ ಮೇಲಿರುವುದರಿಂದ ಹೊಸಬರಿಗೆ ಇದು ತಲೆಕೆಳಗಾಗಿ ತೋರುವುದು ಸಹಜ. ಗಿಟಾರನ್ನು ಮಡಿಲಲ್ಲಿ ಅಂಗಾತವಾಗಿಟ್ಟು ನೋಡಿದರೆ ಗೆರೆಗಳ ಕ್ರಮವೂ ತಂತಿಗಳ ಕ್ರಮವೂ ಒಂದೇ ಆಗಿ ಕಾಣುತ್ತವೆ.

ಗೆರೆಯ ಮೇಲಿನ ಅಂಕಿ ಫ್ರೆಟ್ಟಿನ, ಎಂದರೆ ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿಯ, ಸಂಖ್ಯೆ. 0 ಎಂದಿದ್ದರೆ ತಂತಿಯನ್ನು ಒತ್ತದೆ ಮೀಟಬೇಕು. 3 ಎಂದಿದ್ದರೆ ಮೂರನೆಯ ಫ್ರೆಟ್ಟಿಗೆ ತುಸು ಹಿಂದೆ ಬೆರಳೂರಬೇಕು. ಅಂಕಿಗಳು ಅಕ್ಕಪಕ್ಕದಲ್ಲಿದ್ದರೆ ಒಂದಾದ ಮೇಲೊಂದರಂತೆ, ಒಂದರ ನೆತ್ತಿಯ ಮೇಲೊಂದಿದ್ದರೆ ಏಕಕಾಲಕ್ಕೆ ನುಡಿಸಬೇಕು. ಕೆಳಗಿನಿಂದ ಮೇಲಕ್ಕೆ 0, 2, 2, 1, 0, 0 ಎಂದು ಪೇರಿಸಿದ್ದರೆ ಅದು ಇ ಮೇಜರ್ ಕಾರ್ಡ್.

ಅಂಕಿಗಳ ನಡುವಣ ಚಿಹ್ನೆಗಳು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಬಗೆಯನ್ನು ತಿಳಿಸುತ್ತವೆ. 5 ಮತ್ತು 7ರ ನಡುವೆ ಇಂಗ್ಲಿಷಿನ ಎಚ್ ಅಕ್ಷರವಿದ್ದರೆ, ಐದನೆಯ ಫ್ರೆಟ್ಟನ್ನು ಮೀಟಿ, ಆ ನಾದವಿನ್ನೂ ಉಳಿದಿರುವಾಗಲೇ ಬೇರೊಂದು ಬೆರಳನ್ನು ಏಳನೆಯದರ ಮೇಲೆ ಬಲವಾಗಿ ಬಡಿದೂರಿ, ಮತ್ತೆ ಮೀಟದೆ ಎರಡನೆಯ ಸ್ವರವನ್ನು ಹೊರಡಿಸಬೇಕು. ಪಿ ಅಕ್ಷರ ಇದಕ್ಕೆ ವಿರುದ್ಧವಾದ ಕ್ರಿಯೆಗೆ: ಮೇಲಿನ ಬೆರಳನ್ನು ಕೊಂಚ ಸೆಳೆದು ತೆಗೆದು ಕೆಳಗಿನ ಸ್ವರವನ್ನು ಕೇಳಿಸುವುದು. ಓರೆಗೆರೆಯು ಬೆರಳನ್ನು ತಂತಿಯ ಮೇಲೆಯೇ ಜಾರಿಸಬೇಕೆನ್ನುತ್ತದೆ. 7 ಮತ್ತು 9ರ ನಡುವಣ ಬಿ ಅಕ್ಷರವು, ಏಳನೆಯ ಫ್ರೆಟ್ಟಿನಲ್ಲಿ ಒತ್ತಿದ ತಂತಿಯನ್ನು ಒಂಬತ್ತನೆಯದರ ಸ್ವರ ಕೇಳುವವರೆಗೆ ಅಡ್ಡಕ್ಕೆ ಎಳೆಯಲು ಹೇಳುತ್ತದೆ. ವೈಣಿಕರು ತಂತಿಯನ್ನೆಳೆದು ಗಮಕ ನುಡಿಸುವುದನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಅಲೆಯಂಥ ಗೆರೆ ಸ್ವರದ ಕಂಪನಕ್ಕೆ. ಎಕ್ಸ್ ಅಕ್ಷರ, ತಂತಿಯನ್ನು ಒತ್ತದೆ ಬರಿದೆ ಮುಟ್ಟಿ ಹೊರಡಿಸುವ ಮೊಂಡು ಸದ್ದಿಗೆ. ಬರೆಯುವವರೊಳಗೆ ರೂಢಿಭೇದಗಳು ಉಂಟಾದುದರಿಂದ, ಚಿಹ್ನೆಗಳ ವಿವರಣೆಯಿದ್ದಲ್ಲಿ ಅದನ್ನು ಮೊದಲು ನೋಡುವುದು ಯುಕ್ತ.

ಐದು ಗೆರೆಗಳ ಲಿಪಿಯೊಡನೆ ಹೋಲಿಸಿದರೆ ಟ್ಯಾಬಿನ ಗುಣವೂ ಕೊರತೆಯೂ ತಿಳಿಯುತ್ತವೆ. ತೆಳುವಾದ ಇ ತಂತಿಯನ್ನು ಒತ್ತದೆ ಮೀಟಿದಾಗ ಬರುವ ಸ್ವರವೇ ಬಿ ತಂತಿಯ ಐದನೆಯ ಫ್ರೆಟ್ಟಿನಲ್ಲಿಯೂ ಜಿ ತಂತಿಯ ಒಂಬತ್ತನೆಯದರಲ್ಲಿಯೂ ದೊರೆಯುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂದು ಐದು ಗೆರೆಗಳ ಲಿಪಿಯು ತಾನಾಗಿ ಹೇಳದು, ಟ್ಯಾಬ್ ಹೇಳುತ್ತದೆ. ಆದರೆ ಸ್ವರವು ಎಷ್ಟು ಹೊತ್ತು ನಿಲ್ಲಬೇಕೆಂಬ ವಿಷಯದಲ್ಲಿ ಬರಿಯ ಅಂಕಿಗಳ ಟ್ಯಾಬ್ ಮೌನ ತಾಳುತ್ತದೆ. ಮಿಲಾನನು ಅಂಕಿಗಳ ಮೇಲ್ಗಡೆ ಕಾಲಪ್ರಮಾಣದ ಗುರುತುಗಳನ್ನೂ ಕೊಟ್ಟಿದ್ದನು. ಇಂದು ಬೆರಳಚ್ಚಿನಲ್ಲಿ ಸಿದ್ಧವಾಗುವ ಟ್ಯಾಬುಗಳಲ್ಲಿ ಹಲವು ಅವನ್ನು ಕೈಬಿಟ್ಟಿವೆ. ಆದಕಾರಣ ಕಲಿಯುವವರು ಹಾಡನ್ನು ಮೊದಲು ಚೆನ್ನಾಗಿ ಕೇಳಿ, ಕೈತಟ್ಟಿ ಲಯವನ್ನು ಮನದಟ್ಟು ಮಾಡಿಕೊಂಡು, ಅನಂತರವೇ ಅಂಕಿಗಳಿಗೆ ಕೈಹಚ್ಚಬೇಕು. ಅನೇಕ ಮುದ್ರಿತ ಪುಸ್ತಕಗಳಲ್ಲಿ ಐದು ಗೆರೆಗಳ ಕೆಳಗೇ ಆರು ಗೆರೆಗಳನ್ನು ಜೋಡಿಸಿರುವುದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ: ಕಾಲವನ್ನು ಮೇಲಿನದರಿಂದಲೂ ಸ್ಥಾನವನ್ನು ಕೆಳಗಿನದರಿಂದಲೂ ಓದಿಕೊಳ್ಳಬಹುದು.