ಎರಡು ಯಂತ್ರ, ಒಂದೇ ನಡತೆ?

ಬೀಜಗಣಿತದ ಸಾಲಿನಲ್ಲಿ ಆವರಣ ತೆರೆದಾಗ ಒಂದು ಕೂಡಿಸಿ, ಮುಚ್ಚಿದಾಗ ಒಂದು ಕಳೆಯುವ ಯಂತ್ರವೊಂದನ್ನು ಊಹಿಸಿಕೊಳ್ಳಿ. ಎಣಿಕೆಗೆ ಮಿತಿಯಿಲ್ಲ, ಆದ್ದರಿಂದ ಅದರ ಸ್ಥಿತಿಗಳು ಅನಂತ. ಇಂಥ ಎರಡು ಯಂತ್ರಗಳು ಸದಾ ಒಂದೇ ಉತ್ತರ ಕೊಡುತ್ತವೆಯೇ? ಸಾಲುಗಳನ್ನು ಒಂದೊಂದಾಗಿ ಕೊಟ್ಟು ನೋಡಿದರೆ ಪರೀಕ್ಷೆ ಮುಗಿಯದು. ಆದರೆ ಯಂತ್ರಗಳ ಪ್ರತಿ ಹೆಜ್ಜೆಯೂ ನಿಶ್ಚಿತವಾಗಿದ್ದರೆ, ವ್ಯತ್ಯಾಸವು ಚಿಕ್ಕ ಸಾಲಿನಲ್ಲೇ ಬಯಲಾಗುತ್ತದೆ. ಅದರ ಉದ್ದ ಯಂತ್ರದ ಗಾತ್ರದ ಒಂದು ಬಹುಪದೋಕ್ತಿಯನ್ನು ಮೀರದು. ಬೋಮ್, ಗೊಯ್ಲರ್, ಯಾಂಚರ್ 2013ರಲ್ಲಿ ಇದನ್ನು ಸಾಧಿಸಿ ತೋರಿಸಿದರು.

ಆವರಣಗಳು ಹಲವು ಬಗೆಯಾದರೆ ಬರೀ ಎಣಿಕೆ ಸಾಲದು. ತಟ್ಟೆ ಪೇರಿಸಿದಂತೆ ನೆನಪನ್ನು ಪೇರಿಸಬೇಕು. ಇಂಥ ನಿಶ್ಚಿತ ಯಂತ್ರಗಳ ಹೋಲಿಕೆ ಸಾಧ್ಯವೇ ಎಂಬ 1966ರ ಪ್ರಶ್ನೆಗೆ ಫ್ರಾನ್ಸಿನ ಸೆನಿಜೆರ್ಗ್ 1997ರಲ್ಲಿ 'ಸಾಧ್ಯ' ಎಂದು ಉತ್ತರಿಸಿದರು. ಹೆಜ್ಜೆಯನ್ನು ಆಯ್ಕೆಗೆ ಬಿಟ್ಟರೆ ಮಾತ್ರ, ಎಣಿಕೆಯ ಯಂತ್ರಗಳಿಗೂ ಉತ್ತರ ಹೇಳುವ ಸಾರ್ವತ್ರಿಕ ವಿಧಾನವೇ ಇಲ್ಲ. ಯಂತ್ರ ಸರಳವಾದರೂ ಪ್ರಶ್ನೆ ಸರಳವಲ್ಲ, ಅಲ್ಲವೇ?