ಸೂಟಿ ಇಲ್ಲದವರ ಸೂಟಿ

ಯಾದಗಿರಿ ಜಿಲ್ಲೆಯ ನಮ್ಮ ಶಿರವಾಳದಲ್ಲಿ ಗುಡಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಓಣಿ ತಿರುಗಿದರೆ ಗುಡಿ, ಜಾಲಿಗಂಟಿ ಸರಿಸಿದರೆ ಗುಡಿ, ಎಮ್ಮೆ ಕಟ್ಟಿದ ಜಾಗದ ಹಿಂದೆ ಅರ್ಧ ಹೂತ ಕಂಬ. 360 ಗುಡಿ, ಅಷ್ಟೇ ಬಾವಿ ಎಂದು ಹಿರಿಯರು ಹೇಳುತ್ತಾರೆ. ಎಣಿಸಿ ಮುಗಿಸಿದವರನ್ನು ನಾನಂತೂ ಕಂಡಿಲ್ಲ. ರಾಷ್ಟ್ರಕೂಟರು, ಕಲ್ಯಾಣ ಚಾಲುಕ್ಯರು ಕಟ್ಟಿ ಹೋದ ಕಲ್ಲುಗಳ ನಡುವೆ ನಮ್ಮ ಮಂದಿ ಮನೆ ಕಟ್ಟಿಕೊಂಡು, ಹತ್ತಿ ಒಟ್ಟಿಕೊಂಡು, ಮಕ್ಕಳನ್ನು ಶಾಲೆಗೆ ಕಳಿಸಿಕೊಂಡು ಇದ್ದಾರೆ. ಹೊರಗಿನಿಂದ ಕ್ಯಾಮೆರಾ ಹಿಡಿದು ಬಂದವರು ‘ಅಬ್ಬಾ’ ಎಂದಾಗ ನಮ್ಮ ಆಯಿಗೆ ಆಶ್ಚರ್ಯ: ‘ಇದನ್ನ ನೋಡ್ಲಿಕ್ಕ ಅಷ್ಟ ದೂರದಿಂದ ಬಂದಾರಾ?’

2024ರ ಡಿಸೆಂಬರ್ 31ರ ಬೆಳಗ್ಗೆ ಇಂಥ ಓಣಿಯೊಳಗೆ ಒಂದು ಕ್ರೂಸರ್ ಹಿಂದೆ ಮುಂದೆ ಮಾಡುತ್ತ ಬಂದು ನಿಂತಿತು. ಮನೆಮಂದಿಯೆಲ್ಲ ತಿರುಗಾಡಲು ಹೊರಟಿದ್ದೆವು. ಹರಕೆ ಇರಲಿಲ್ಲ, ಜಾತ್ರೆ ಇರಲಿಲ್ಲ, ಯಾರದೂ ಲಗ್ನ ಇರಲಿಲ್ಲ. ಬಾಗಿಲಿಗೆ ಬಂದು ನಿಂತ ನೆರೆಮನೆಯ ಅಕ್ಕನಿಗೆ ಅದೇ ತಿಳಿಯದಾಯಿತು. ‘ಎಲ್ಲಿಗ್ ಹೊಂಟೀರಿ?’ ‘ಸುಮ್ಮ, ಸನ್ನತಿ, ಸುರಪುರ ನೋಡಿ ಬರ್ತೀವಿ.’ ‘ಸುಮ್ಮನಾ?’

ಆಕೆ ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆ ಒಂದು ಮನೆಯವರೆಲ್ಲ ಸೇರಿ ಗಾಡಿ ಹತ್ತಿದರೆಂದರೆ ಎರಡೇ ಕಾರಣ: ಜಾತ್ರೆ, ಇಲ್ಲವೆ ಗುಳೆ. ಮೈಲಾಪುರದ ಮೈಲಾರಲಿಂಗನಿಗೋ ತಿಂಥಣಿ ಮೌನೇಶ್ವರನಿಗೋ ಹೋಗುವಾಗ ಭಂಡಾರ, ಕಾಯಿ, ಬುತ್ತಿ. ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ ಹೋಗುವಾಗ ಜೋಳದ ಚೀಲ, ಸ್ಟೋವ್, ಹಾಸಿಗೆ ಸುರುಳಿ. ಗಂಡ ಹೆಂಡತಿ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಆ ನೆರೆಮನೆಯವರೂ ಹಬ್ಬಕ್ಕೆಂದು ಬಂದು ಮತ್ತೆ ಹೊರಡಲು ಗಂಟು ಕಟ್ಟಿಟ್ಟಿದ್ದರು. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ.

‘ನಿನಗ ಎಷ್ಟ್ ದಿನ ಸೂಟಿನವ್ವ?’ ಎಂದು ಆಕೆ ನನ್ನನ್ನು ಕೇಳಿದಳು. ಹೇಳಿದೆ. ‘ಪಗಾರ ಕಡೀತಾರೇನು?’

‘ಇಲ್ಲಕ್ಕ, ಕೊಡ್ತಾರ.’

‘ಕೆಲಸಾ ಮಾಡ್ದಿದ್ರೂ?’ ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ನಾನು ದುಡಿಯುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. 1963ರ ಒಂದು ಕಾಯ್ದೆಯ ಪ್ರಕಾರ ಅಲ್ಲಿ ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ಸಂಬಳದ ರಜೆ ಕೊಡಲೇಬೇಕು. ಡಿಸೆಂಬರ್ 25, 26 ಇಡೀ ನಾಡಿಗೇ ರಜೆ. ನಾಲ್ಕೂವರೆಗೆ ಕತ್ತಲಾಗಿ, ಅಂಗಡಿ ಬಾಗಿಲು ಬಿದ್ದು, ಎಲ್ಲರೂ ತಮ್ಮ ತಮ್ಮ ತಾಯಿ ಮನೆಗೆ ಹೋಗಿಬಿಟ್ಟಿರುತ್ತಾರೆ. ಮೊದಲ ವರ್ಷ ಆ ಖಾಲಿ ಬೀದಿಯಲ್ಲಿ ನಡೆದಾಡಿದ ಮೇಲೆಯೇ ನಾನು ರಜೆಯನ್ನು ಎಳ್ಳ ಅಮಾಸಿಗೆ ಹೊಂದಿಸಿಕೊಳ್ಳಲು ಕಲಿತದ್ದು. 2024ರಲ್ಲಿ ಅಮಾಸಿ ಡಿಸೆಂಬರ್ 30ಕ್ಕೆ ಬಿದ್ದಿತ್ತು. 2009ರಲ್ಲಿ ಯಾದಗಿರಿ ಜಿಲ್ಲೆಯಾದ ದಿನವೂ ಅದೇ. ಆದರೆ ಭಜ್ಜಿ ಪಲ್ಯದ ಮುಂದೆ ಜಿಲ್ಲೆಯನ್ನು ಯಾರು ನೆನೆಯುತ್ತಾರೆ?

ಭಜ್ಜಿಯ ಮಾತು ಬಂದಮೇಲೆ ಅಮಾಸಿಯ ದಿನದ ಹೊಲ ಹೇಳದೆ ಮುಂದೆ ಹೋಗಲಾರೆ. ಎರಿ ಹೊಲ, ಒಂದು ಕಡೆ ಹಾಲು ತುಂಬುತ್ತಿರುವ ಬಿಳಿಜೋಳ, ಒಂದು ಕಡೆ ಹುಳಿ ಹಿಡಿದ ಕಡಲೆ; ನಡೆದರೆ ಸೀರೆಯ ಅಂಚಿಗೂ ಹುಳಿ. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಪೂಜೆ ಆದ ಮೇಲೆ ಅಪ್ಪ ಎಡೆ ಕಲಸಿದ ಬುಟ್ಟಿ ಹಿಡಿದು ಹೊಲದ ಸುತ್ತ ಚರಗ ಚೆಲ್ಲುತ್ತ ಹೋದ. ಹಿಂದೆ ಕಾಕಾ ನೀರು ಹಾಕುತ್ತ, ಅವನ ಹಿಂದೆ ಹುಡುಗರು ಕೂಗುತ್ತ. ಆಮೇಲೆ ಊಟ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಸಜ್ಜಿ ಕಡುಬು, ಶೇಂಗಾ ಹೋಳಿಗೆ, ಗುರೆಳ್ಳ ಚಟ್ನಿ, ಕೆನೆಮೊಸರು. ಹಸಿ ತೊಗರಿ, ಅವರೆ, ಕಡಲೆ, ಬದನೆ, ಮೆಂತ್ಯೆ, ಹುಣಸೆ ಎಲ್ಲ ಕೂಡಿ ಬೆಂದ ಭಜ್ಜಿ. ಅದನ್ನು ಸ್ಟುಟ್‌ಗಾರ್ಟ್‌ನ ಅಡುಗೆಮನೆಯಲ್ಲಿ ಫ್ರೋಜನ್ ಬಟಾಣಿ ಹಾಕಿ ಮಾಡುತ್ತೇನೆಂದು ನಾನು ಅಂದದ್ದಕ್ಕೆ ಅವ್ವ ಉತ್ತರ ಕೊಡಲಿಲ್ಲ. ಇನ್ನೊಂದು ಸೌಟು ಬಡಿಸಿದಳು.

ಉಣ್ಣುತ್ತ ಕೂತಲ್ಲಿಂದ ಪಕ್ಕದ ನಮ್ಮ ಹತ್ತಿ ಹೊಲ ಕಾಣುತ್ತಿತ್ತು. ಅರಳಿ ಬೆಳ್ಳಗೆ ನಿಂತಿತ್ತು, ಬಿಡಿಸಿರಲಿಲ್ಲ. ಹೊತ್ತಿಗೆ ಬಿಡಿಸದಿದ್ದರೆ ಹತ್ತಿ ಜೋತು ನೆಲಕ್ಕೆ ಬೀಳುತ್ತದೆ, ಒಣಗಿದ ಎಲೆಯ ಪುಡಿ ಅಂಟುತ್ತದೆ; ಕಸ ಹಿಡಿದ ಹತ್ತಿಗೆ ಖರೀದಿದಾರ ದರ ಇಳಿಸುತ್ತಾನೆ. ತೊಗರಿಯೂ ರಾಶಿಗೆ ಬಂದಿತ್ತು. ಆಳು ಸಿಗುವುದೇ ಕಷ್ಟವಾದ ಆ ದಿನಗಳಲ್ಲಿ, ಗೊತ್ತು ಮಾಡಿದ್ದ ಆಳುಗಳಿಗೆ ‘ನಾಡಿದ್ದು ಬರ್ರಿ’ ಎಂದು ಅಪ್ಪ ಹೇಳಿ ಕಳಿಸಿದ್ದ. ಮಗಳು ಬಂದಿದ್ದಾಳೆ, ಒಂದು ದಿನ ತಿರುಗಾಡಿಸಿಕೊಂಡು ಬರೋಣ. ನನ್ನ ಸೂಟಿಗೆ ಕಂಪನಿ ಪಗಾರ ಕೊಡುತ್ತದೆ. ಅಪ್ಪನ ಸೂಟಿಗೆ ಅಪ್ಪನೇ ಪಗಾರ ತೆರಬೇಕು. ಅದನ್ನು ಅವನು ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ. ನಾನೂ ಅದನ್ನು ಎತ್ತಿ ಆಡಲಿಲ್ಲ. ಹಾಗೆ ಆಡಿದರೆ ನಮ್ಮ ಮನೆಯಲ್ಲಿ ‘ಏನಾತು ಈ ಹುಡುಗಿಗೆ’ ಎಂದು ದೃಷ್ಟಿ ತೆಗೆಯುತ್ತಾರೆ.

ಈ ಮಂದಿ ಹೀಗೇ. ನನ್ನೊಬ್ಬಳನ್ನು, ನನ್ನ ಎರಡು ಬ್ಯಾಗನ್ನು ಕರೆತರಲು ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಇದೇ ಕ್ರೂಸರ್‌ನಲ್ಲಿ ಎಂಟು ಜನ ಬಂದಿದ್ದರು. ಗುರುಮಠಕಲ್ ದಾಟಿ, ತೆಲಂಗಾಣದ ರಸ್ತೆಯಲ್ಲಿ ರಾತ್ರಿಯಿಡೀ ಕೂತು. ಸೂಟು ಬೂಟಿನ ಸಾಲಿನಲ್ಲಿ ಫಲಕ ಹಿಡಿದು ನಿಂತ ಡ್ರೈವರುಗಳ ನಡುವೆ ಇಳಕಲ್ ಸೀರೆಯ ಆಯಿ, ಪಟಗ ಸುತ್ತಿದ ಮುತ್ಯಾ. ವಿದೇಶದಲ್ಲಿ ದೊಡ್ಡವರು ತಮ್ಮಷ್ಟಕ್ಕೆ ತಾವು ರೈಲು ಹಿಡಿದು ಮನೆಗೆ ಹೋಗುತ್ತಾರೆ. ಅದರಲ್ಲಿ ಒಂದು ಹಗುರವಿದೆ, ಸುಳ್ಳು ಹೇಳಲಾರೆ. ಆದರೆ ಇಳಿದ ಕೂಡಲೆ ಎಂಟು ಜನ ಒಟ್ಟಿಗೆ ‘ಎಷ್ಟ್ ಸೊರಗೀದಿ’ ಎಂದು ಬೈಯುವ ಭಾಗ್ಯ ಆ ರೈಲಿನಲ್ಲಿ ಸಿಗುವುದಿಲ್ಲ.

ಅಂತೂ ಓಣಿಯಿಂದ ಕ್ರೂಸರ್ ಹೊರಟಿತು. ಮುಂದೆ ಡ್ರೈವರಿನ ಪಕ್ಕ ಮುತ್ಯಾ, ನಡುವಿನ ಸೀಟಿನಲ್ಲಿ ಹೆಂಗಸರು, ಹಿಂದೆ ಎದುರುಬದುರು ಸೀಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ನಾವು. ಮೇಲಿನ ಕ್ಯಾರಿಯರ್‌ನಲ್ಲಿ ಚಾಪೆ, ನೀರಿನ ಕ್ಯಾನು, ಹಿಂದಿನ ದಿನದ ರೊಟ್ಟಿಯ ಬುತ್ತಿ. ಪೆನ್‌ಡ್ರೈವ್‌ನಲ್ಲಿ ಜನಪದ ಹಾಡು, ಡ್ರೈವರ್ ಹೆಚ್ಚಿಸಿದಷ್ಟು ಕಾಕಿ ಕಡಿಮೆ ಮಾಡಿಸುತ್ತಾಳೆ. ಹುರಸಗುಂಡಗಿ ಬಂತು, ಭೀಮಾ ಬಂತು. ಬ್ಯಾರೇಜಿನ ಮೇಲೆ ಗಾಡಿ ನಿಧಾನವಾದಾಗ ಆಯಿ ಕಿಟಕಿಯಿಂದ ಹೊಳೆಗೆ ಕೈಮುಗಿದಳು.

ಸನ್ನತಿಯಲ್ಲಿ ಮೊದಲು ಚಂದ್ರಲಾಂಬೆ. 1986ರಲ್ಲಿ ಇದೇ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗಲೇ, ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನವಿದೆ ಎಂದು ಲೋಕಕ್ಕೆ ತಿಳಿದದ್ದು. ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವದವರು ಅಗೆದ ಬೌದ್ಧ ಸ್ತೂಪದ ಕಲ್ಲುಗಳಿವೆ. ಅದರಲ್ಲೊಂದರ ಮೇಲೆ ಪರಿವಾರದೊಂದಿಗೆ ನಿಂತ ಅರಸ, ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’ ಎಂಬ ಬರಹ. ನಾನು ಫೋನಿನಲ್ಲಿ ಓದಿಕೊಂಡಿದ್ದನ್ನೆಲ್ಲ ಹೇಳಿದೆ. ಆಯಿ ಕಲ್ಲನ್ನು ದಿಟ್ಟಿಸಿ, ‘ಪಕ್ಕದಾಗಿನಾಕಿ ಯಾರು?’ ಎಂದಳು. ‘ರಾಣಿ.’ ಆಯಿ ಮುತ್ಯಾನ ಕಡೆ ತಿರುಗಿ, ‘ನೋಡ್ರಿ, ರಾಜನೂ ಹೇಂತಿನ್ನ ಕರ್ಕೊಂಡ್ ತಿರಗ್ಯಾನ. ನೀವು ಶಹಾಪುರ ಸಂತಿ ದಾಟಿಸಲಿಲ್ಲ’ ಎಂದಳು. ಮುತ್ಯಾ ಎಲೆ ಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿ ಹುಡುಕತೊಡಗಿದ. ಆ ಡಬ್ಬಿ ಬಹಳ ಹೊತ್ತು ಸಿಗಲಿಲ್ಲ.

ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು ಹಿಂದಿರುಗಿದೆವು. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಗುಡ್ಡಕ್ಕೆ ಗಾಡಿಯಿಂದಲೇ ಒಂದು ಫೋಟೊ. ಚಹಾ, ಮಂಡಾಳ ಒಗ್ಗರಣಿ, ಮಿರ್ಚಿಗೆ ಅರ್ಧ ತಾಸು.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಮುಟ್ಟಿದಾಗ ಬಿಸಿಲು ಇಳಿದಿತ್ತು. ಕೆಳಗೆ ಊರು, ಬಂಡೆಗಳು, ದೂರಕ್ಕೆ ಕಾಲುವೆ ನೀರು ಕುಡಿದ ಹಸಿರು. ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಆಡಳಿತ ನೋಡಲು ಬಂದ ಇಂಗ್ಲಿಷ್ ಅಧಿಕಾರಿ. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನಂತೆ. ಮುಂದೆ ಬ್ರಿಟಿಷರ ವಿರುದ್ಧ ಎದ್ದು 1858ರಲ್ಲಿ ತೀರಿಹೋದ ಅರಸ ಅವನೇ. ಕಾಕಾನಿಗೆ ಆ ಕಥೆ ಬಾಯಿಪಾಠ. ನಾನು ಇನ್ನೊಂದು ಸಂಗತಿ ಸೇರಿಸಿದೆ: ಟೇಲರ್ ಮನೆ ಬಿಟ್ಟು ಮುಂಬೈಗೆ ಬಂದಿಳಿದದ್ದು 1824ರಲ್ಲಿ, ಹದಿನೈದರ ಹುಡುಗ. ಮೊದಲ ಸಲ ಸೂಟಿ ಮೇಲೆ ಊರಿಗೆ ಹೊರಟಿದ್ದು 1838ರ ಹೊತ್ತಿಗೆ.

ಅವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ‘ಹದಿನಾಕು ವರ್ಷಾ? ಅಷ್ಟ್ ಸಣ್ಣ ಹುಡುಗನ್ನ ಹೆಂಗ ಕಳಿಸಿದ್ಲು ಅವ್ರವ್ವ? ರಾಮಾಯಣ ಆತಲ್ಲ ಇದು.’ ಸ್ವಲ್ಪ ಹೊತ್ತು ಬಿಟ್ಟು, ‘ನಿನಗ ಅಲ್ಲಿ ವರ್ಷಾ ಬಿಡ್ತಾರಲ್ಲ?’ ಎಂದಳು. ಬಿಡ್ತಾರ ಎಂದೆ. ಆ ನಾಡಿನ ಕಾಯ್ದೆಗೆ ನಾನು ಮೊದಲ ಸಲ ಮನಸಾರೆ ಋಣಿಯಾದದ್ದು ಸುರಪುರದ ಗುಡ್ಡದ ಮೇಲೆ.

ರಾತ್ರಿ ಮನೆ ಮುಟ್ಟಿದಾಗ ಬಾಡಿಗೆ ಕೊಡುವ ಜಗಳ. ನಾನು ಫೋನು ತೆಗೆದೆ. ಅಪ್ಪ ಅದನ್ನು ನೋಡದವನ ಹಾಗೆ ಅಂಗಿಯ ಒಳಜೇಬಿನಿಂದ ನೋಟು ತೆಗೆದು ಎಣಿಸಿದ. ‘ನೀ ವಿಮಾನದ್ದು ಕೊಟ್ಟೀದಿ, ಇದು ನಮ್ಮದು.’ ಅವ್ವ ಅಷ್ಟರೊಳಗೆ ಮುಂದಿನ ವರ್ಷದ ಶಾಬಾದಿಮಠ ಕ್ಯಾಲೆಂಡರ್ ಹಿಡಿದು ಬಾಗಿಲಿಗೆ ಬಂದಿದ್ದಳು: ಅಮಾಸಿ ಡಿಸೆಂಬರ್ 19, ಶುಕ್ರವಾರ. ‘ನಾಳೆನ ನಿಮ್ಮ ಸಾಹೇಬ್ರಿಗೆ ಕೇಳಿಡು.’ ಕಾಕಾ ತಿಂಥಣಿ ಅಂದ, ಕಾಕಿ ನಾರಾಯಣಪುರ ಡ್ಯಾಮ್ ಅಂದಳು. ಮುತ್ಯಾ ಬಾಯೊಳಗಿನ ಎಲೆ ಅಡಿಕೆ ಒಂದು ಕಡೆ ಸರಿಸಿ, ‘ನಿಮ್ಮ ಆಯಿನ್ನ ಎಲ್ಲಿಗರೆ ದೂರ ಕರ್ಕೊಂಡ್ ಹೋಗಬೇಕಪ್ಪ, ಇಲ್ಲಂದ್ರ ಸಾಯೋಮಟ ಆಡ್ತಾಳ’ ಎಂದ. ಅಮಾಸಿ ಹೊತ್ತಿಗೆ ಗಾಡಿ ಸಿಗುವುದಿಲ್ಲ, ಮೊದಲೇ ಹೇಳಬೇಕು ಎಂದು ಡ್ರೈವರ್ ತಮಾಷೆಗೆ ಅಂದಿದ್ದಕ್ಕೆ ಅಪ್ಪ ಐದುನೂರರ ನೋಟೊಂದನ್ನು ಅವನ ಕೈಗೆ ತುರುಕಿದ. ‘ಅಡ್ವಾನ್ಸ್.’

‘ಕಾಕಾ, ಇನ್ನಾ ಒಂದ್ ವರ್ಷ ಅದ!’

‘ಇರಲಿ, ಬರ್ಕೋ.’ ಡ್ರೈವರ್ ನಗುತ್ತ ಡ್ಯಾಶ್‌ಬೋರ್ಡಿನಿಂದ ಪೆನ್ನು ಹುಡುಕಿ, ಹಳೆಯ ಡೀಸೆಲ್ ಚೀಟಿಯ ಹಿಂದೆ ತಾರೀಕು ಬರೆದುಕೊಂಡ.